ಕುರುಗೋಡಿನ ಇಪ್ಪತ್ತೈದು ನಿಮಿಷ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಬರೆದುಕೊಡಿ ಮೇಡಂ ಎಂದು ಕಂಪನಿಯವರು ಕೇಳಿದ್ದಾರೆ. ತಿಂಗಳಿಗೊಮ್ಮೆ ಹೊರಡುವ ನಮ್ಮ ಸುದ್ದಿಪತ್ರದಲ್ಲಿ ಹಾಕುತ್ತಾರಂತೆ. "ಸ್ಫೂರ್ತಿ ಬರೋ ಹಂಗ ಬರೀರಿ" ಎಂದು ಬೇರೆ ಹೇಳಿದರು. ಓದಿದವರಿಗೆ ಸ್ಫೂರ್ತಿ ಬರುತ್ತದೋ ಬೆವರು ಬರುತ್ತದೋ ನನಗೆ ಗೊತ್ತಿಲ್ಲ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟು ಬರೆಯುತ್ತೇನೆ. ಆ ಶಾಲುಗಳು ಈಗ ನಮ್ಮ ಮನೆಯಲ್ಲಿ ಇಸ್ತ್ರಿ ಮಾಡುವ ಮೇಜಿನ ಮೇಲೆ ಹಾಸಿವೆ.

ನನ್ನ ಹೆಸರು ಶರಣಮ್ಮ. ಬಳ್ಳಾರಿ ಆಫೀಸಿನಲ್ಲಿ ದಾಖಲೆಗಳ ತಪ್ಪು ಹುಡುಕುವ ವಿಭಾಗ ನನ್ನದಾಗಿತ್ತು. ಹಿಂದಿನಿಂದ ನನ್ನನ್ನು 'ಕಲ್ಲು ಆರಿಸೋ ಅಕ್ಕ' ಅನ್ನುತ್ತಿದ್ದರು. ಗೊತ್ತಿತ್ತು. ಬೇಜಾರೇನೂ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸದೆ ಅನ್ನಕ್ಕಿಡುವವರ ಹಲ್ಲು ಮುರಿದರೆ ಅದು ಅವರ ಹಣೆಬರಹ.

ಕೆಲಸ ಏನೆಂದು ಮನೆಯವರಿಗೆ ತಿಳಿಸಿ ಹೇಳುವುದೇ ಮೊದಲು ಕಷ್ಟವಾಯಿತು. ಫೋನ್ ಕಂಪನಿಗಳ ಯಂತ್ರಗಳು ಪ್ರತಿ ಕರೆಯ ದಾಖಲೆ ಬರೆದಿಡುತ್ತವೆ: ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು. ಅವನ್ನೆಲ್ಲ ಊರೂರಿನಿಂದ ತರಿಸಿ, ಹಸನು ಮಾಡಿ, ಒಂದೇ ಕಡೆ ಜೋಡಿಸಿಟ್ಟು, ಫೋನ್ ಕಂಪನಿ ಕೇಳಿದಾಗ ಹುಡುಕಿ ಕೊಡುವುದು ನಮ್ಮ ಕೆಲಸ. ದೊಡ್ಡವರು ಅದನ್ನು ಡೇಟಾ ವೇರ್‌ಹೌಸ್ ಅನ್ನುತ್ತಾರೆ, ನಾನು ಕಣಜ ಅನ್ನುತ್ತೇನೆ. ನಮ್ಮವ್ವ ಕೇಳಿದಳು, "ಊರ ಮಂದಿ ಮಾತೆಲ್ಲಾ ಕೂಡಿಡತೀಯೇನ?"

"ಮಾತಲ್ಲಬೇ. ಮಾತಾಡಿದ ಹೊತ್ತು."

"ಮಾತು ಬಿಟ್ಟು ಬರೇ ಹೊತ್ತು ತಗೊಂಡು ಏನ್ ಮಾಡತೀರಿ? ಹುಚ್ಚರದೀರಿ" ಎಂದು ಅವ್ವ ರೊಟ್ಟಿ ಬಡಿಯಲು ಎದ್ದುಹೋದಳು.

ಅದು ಗಣಿಯ ಕಾಲ. ಬಳ್ಳಾರಿಯ ಬೀದಿಯಲ್ಲಿ ನಿಂತರೆ ಮೇಲೆ ಹೆಲಿಕಾಪ್ಟರ್, ಕೆಳಗೆ ಕೆಂಪು ಮಣ್ಣಿನ ಲಾರಿ. ನಿನ್ನೆಯವರೆಗೆ ಒಂದು ಫೋನೂ ಇಲ್ಲದವನ ಅಂಗಿಜೇಬಿನಲ್ಲಿ ಇವತ್ತು ಎರಡು. ಕರೆಗಳ ದಾಖಲೆ ಹೊಳೆ ಬಂದ ಹಾಗೆ ಬರುತ್ತಿತ್ತು. ಆದರೆ ಆ ಹೊಳೆ ತಂತಿಯಲ್ಲಿ ಬರುತ್ತಿರಲಿಲ್ಲ, ಬಸ್ಸಿನಲ್ಲಿ ಬರುತ್ತಿತ್ತು. ನೀವು ನಗಬಹುದು. ಸಿರುಗುಪ್ಪ, ಕುರುಗೋಡಿನ ಎಕ್ಸ್‌ಚೇಂಜುಗಳಲ್ಲಿ ದಾಖಲೆಗಳನ್ನು ಟೇಪಿಗೆ ಇಳಿಸಿ, ಡಬ್ಬಿಯಲ್ಲಿಟ್ಟು, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಮ್ಮವರು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ಒಂದು ಸಲ ಟೇಪಿನ ಡಬ್ಬಿ ಬದಲು ಯಾರದೋ ಶೇಂಗಾ ಹೋಳಿಗೆಯ ಡಬ್ಬಿ ಬಂತು. ನಾವು ತಿಂದು ಮುಗಿಸಿದ ಮೇಲೆ ನಮ್ಮ ಟೇಪು ಯಾರ ಮನೆಯ ಅಡುಗೆಮನೆಯಲ್ಲಿದೆ ಎಂದು ಹುಡುಕಲು ಹೊರಟೆವು.

ಇನ್ನೊಂದು ಸಲ ಮಹಾನವಮಿಯ ಆಯುಧಪೂಜೆಗೆ ಸಿರುಗುಪ್ಪದ ನಮ್ಮ ಹುಡುಗಿಯರು ಟೇಪ್ ಯಂತ್ರಕ್ಕೆ ಪೂಜೆ ಮಾಡಿದರು. ಹೊರಗೆ ಮಾಡಿದ್ದರೆ ಸರಿ, ಭಕ್ತಿ ಹೆಚ್ಚಾಗಿ ಬಾಗಿಲು ತೆರೆದು ಒಳಗೂ ಕುಂಕುಮ ಹಚ್ಚಿದರು. ಮರುದಿನ ಯಂತ್ರ ಮೂರು ಟೇಪು ನುಂಗಿತು. ನಾನು ಸಿರುಗುಪ್ಪಕ್ಕೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವರಲ್ಲೊಬ್ಬಳು ಮೆಲ್ಲಗೆ ಅಂದಳು, "ಅಕ್ಕಾ, ನಿಮ್ಮ ಬಳ್ಳಾರಿ ಮಷೀನಿನಾಗ ಗಣಿ ದೂಳು ಐತಿ, ನಮ್ದರಾಗ ಕುಂಕುಮ ಐತಿ. ಎರಡೂ ಕೆಂಪ." ಅವಳ ಮಾತು ಸುಳ್ಳಾಗಿರಲಿಲ್ಲ. ನಾವು ದಿನಾ ಬೆಳಿಗ್ಗೆ ಸ್ಪಿರಿಟ್ ಹತ್ತಿಯಿಂದ ಯಂತ್ರದ ಮೂಗು ಒರೆಸಿದರೆ ಹತ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು.

ಇವೆಲ್ಲ ನಕ್ಕು ಮರೆಯುವ ತಪ್ಪುಗಳು. ಇನ್ನು ನಾನು ಮರೆಯದ ತಪ್ಪಿಗೆ ಬರುತ್ತೇನೆ. ಅದನ್ನು ಮಾಡಿದವಳು ನಾನೇ.

ಕುರುಗೋಡಿನ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದವರು ಬಸವಲಿಂಗಪ್ಪ. ನನಗಿಂತ ಹತ್ತು ವರ್ಷ ದೊಡ್ಡವರು, ನೊಸಲ ತುಂಬ ವಿಭೂತಿ, ಬಾಯಿ ತುಂಬ ಮಾತು. ಕುರುಗೋಡು ಸುತ್ತಲಿನ ಮೊಬೈಲ್ ಕರೆಗಳೂ ಆಗ ಅವರ ಯಂತ್ರದಲ್ಲೇ ದಾಖಲಾಗುತ್ತಿದ್ದವು. ಕರೆಂಟು ಹೋಗಿ ಬ್ಯಾಟರಿಯೂ ಸತ್ತರೆ ಯಂತ್ರದ ಗಡಿಯಾರ ನಿಲ್ಲುತ್ತಿತ್ತು, ಆಮೇಲೆ ಕೈಯಿಂದ ಹೊಂದಿಸಬೇಕಿತ್ತು. ಬಸವಲಿಂಗಪ್ಪನವರು ಹೊಂದಿಸುತ್ತಿದ್ದದ್ದು ಬಸ್ಸು ನೋಡಿ. ಬಳ್ಳಾರಿಯಿಂದ ಹತ್ತು ಗಂಟೆಗೆ ಬರುವ ಬಸ್ಸು ಕಿಟಕಿಯಲ್ಲಿ ಕಂಡ ಕೂಡಲೇ ಹತ್ತು ಗಂಟೆ ಎಂದು ಗುಂಡಿ ಒತ್ತುವುದು. ಇಪ್ಪತ್ತು ವರ್ಷ ಅದು ಸರಿಯಾಗಿಯೇ ನಡೆದಿತ್ತು. ಗಣಿ ಲಾರಿಗಳು ರಸ್ತೆ ತುಂಬಿದ ಮೇಲೆ ಬಸ್ಸು ತಡವಾಯಿತು. ಬಸ್ಸಿನ ಜೊತೆ ಕುರುಗೋಡಿನ ಹೊತ್ತೂ ತಡವಾಯಿತು.

ಅದನ್ನು ಕಂಡುಹಿಡಿದವಳು ನಾನು. ಒಂದು ಕರೆಗೆ ಎರಡು ಕಡೆ ದಾಖಲೆ ಇರುತ್ತದೆ, ಹೊರಟ ಕಡೆ ಒಂದು, ಮುಟ್ಟಿದ ಕಡೆ ಒಂದು. ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋದ ಕರೆಗಳನ್ನು ಜೋಡಿಸಿ ನೋಡಿದೆ. ಪ್ರತಿಯೊಂದರಲ್ಲೂ ಕುರುಗೋಡು ಇಪ್ಪತ್ತೈದು ನಿಮಿಷ ಹಿಂದೆ. ಗಡಿಯಾರ ಸರಿಮಾಡಿ ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಬಸವಲಿಂಗಪ್ಪನವರು, "ನಡಿಯೋ ಗಡಿಯಾರಕ್ಕ ಕೈ ಹಚ್ಚಬ್ಯಾಡ್ರಿ ಶರಣಮ್ಮಾರ, ಮುಟ್ಟಿದ್ರ ಮತ್ತೇನರ ಕೆಡತೈತಿ" ಅಂದರು. ಅವರೊಂದಿಗೆ ವಾದಿಸುವುದಕ್ಕಿಂತ ಒಂದು ಉಪಾಯ ಸುಲಭವಾಗಿ ಕಂಡಿತು. ಕುರುಗೋಡಿನ ಟೇಪು ನಮ್ಮ ಕಣಜಕ್ಕೆ ಏರುವಾಗ ಪ್ರತಿ ದಾಖಲೆಗೂ ಇಪ್ಪತ್ತೈದು ನಿಮಿಷ ತಾನೇ ಕೂಡುವ ಹಾಗೆ ಮಾಡಿ, ಅವರಿಗೂ ತಿಳಿಸಿಬಿಟ್ಟೆ.

ಎಲ್ಲರೂ ಹೊಗಳಿದರು. ನಮ್ಮ ಮ್ಯಾನೇಜರ್ ರಂಗರಾವ್ ಅವರ ಮನೆಮಾತು ತೆಲುಗು, ಸಂತೋಷವಾದರೆ ತೆಲುಗೇ ಮೊದಲು ಬರುತ್ತಿತ್ತು. "ಭಲೇ ಅಮ್ಮಾ! ಇಂಥಾ ತಲಿ ಹೆಡ್ ಆಫೀಸಿನಾಗೂ ಇಲ್ಲ" ಅಂದರು. ಆ ವರ್ಷದ ಕೊನೆಗೆ ಕಂಪನಿಯ ಸುದ್ದಿಪತ್ರದಲ್ಲಿ ನನ್ನ ಫೋಟೋ ಬಂತು, ಮೇಲೆ 'ಒಂದೂ ತಪ್ಪಿಲ್ಲದ ವರ್ಷ, ಬಳ್ಳಾರಿ ಶಾಖೆಯ ಹೆಮ್ಮೆ' ಎಂದು ದಪ್ಪ ಅಕ್ಷರ. ಅದನ್ನು ನಾನು ಬೀಗರ ಮನೆಗೂ ಕಳಿಸಿದ್ದೆ. ಸುಳ್ಳೇಕೆ ಹೇಳಲಿ, ಆ ತಿಂಗಳು ನನ್ನ ನಡಿಗೆಯೇ ಬೇರೆಯಾಗಿತ್ತು.

ಬಸವಲಿಂಗಪ್ಪನವರಿಗೆ ಇನ್ನೊಂದು ಅಭ್ಯಾಸವಿತ್ತು. ಪ್ರತಿ ಟೇಪಿನ ಡಬ್ಬಿಯಲ್ಲಿ ಒಂದು ಚೀಟಿ ಇಡುತ್ತಿದ್ದರು. ಅದರಲ್ಲಿ ಕೆಲಸದ ಮಾತು ಒಂದು ಸಾಲು, ಉಳಿದದ್ದು ಊರ ಸುದ್ದಿ. ಮೆಣಸಿನಕಾಯಿ ಹೆಂಗದಾವು, ಬಸವೇಶ್ವರ ಗುಡಿಯ ಬಾವಿಗೆ ನೀರು ಬಂತು, ಮಗಳಿಗೆ ಗಂಡಾಯಿತು, ತೂಕ ಇಷ್ಟು. ಮೊದಮೊದಲು ಓದುತ್ತಿದ್ದೆ. ಫೋಟೋ ಬಂದ ಮೇಲೆ ಅಷ್ಟು ಪುರುಸೊತ್ತು ನನಗೆಲ್ಲಿ? ಚೀಟಿಗಳು ಓದದೆಯೇ ಮೇಜಿನ ಖಾನೆಗೆ ಬೀಳತೊಡಗಿದವು.

ಒಂದು ದಿನ ಫೋನ್ ಕಂಪನಿಯಿಂದ ಪತ್ರ ಬಂತು. ಕುರುಗೋಡು ಹತ್ತಿರ ಅದಿರಿನ ಲಾರಿಯೊಂದು ಸೈಕಲ್ಲಿಗೆ ಬಡಿದು ಸವಾರ ತೀರಿಕೊಂಡಿದ್ದ. ಡ್ರೈವರ್ ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಮಾತಾಡುತ್ತಿದ್ದನೇ ಎಂದು ಪೊಲೀಸರು ಕೇಳಿದ್ದರು. ಹಿಂದೆ ಬರುತ್ತಿದ್ದ ಬಸ್ಸಿನ ಕಂಡಕ್ಟರ್ ಅಪಘಾತವಾದದ್ದು ನಾಲ್ಕೂ ಐದರ ಸುಮಾರಿಗೆ ಎಂದು ಬರೆಸಿದ್ದ. ನಾನು ನಂಬರ್ ಹಾಕಿ ಹುಡುಕಿದೆ. ನಾಲ್ಕೂ ಐದಕ್ಕೆ ಶುರುವಾಗಿ ನಾಲ್ಕೂ ಹನ್ನೊಂದಕ್ಕೆ ಮುಗಿದ ಕರೆ ಸಿಕ್ಕಿತು. 'ಹಾಳಾದವನು, ಮಾತಾಡ್ತಾ ಮನುಷ್ಯನ ಮೇಲೆ ಹತ್ತಿಸಿದ' ಎಂದು ಮನಸ್ಸಿನಲ್ಲೇ ಬೈದು, ಮುದ್ರೆ ಒತ್ತಿ, ಸಹಿ ಹಾಕಿ ಕಳಿಸಿದೆ. ಮಧ್ಯಾಹ್ನದ ಬುತ್ತಿ ಬಿಚ್ಚುವುದರೊಳಗೆ ಆ ಕೆಲಸ ಮರೆತೂ ಹೋಯಿತು.

ಹದಿನೈದು ದಿನ ಕಳೆದಿರಬಹುದು. ಬುರ್ಖಾ ಹಾಕಿದ ಹೆಂಗಸೊಬ್ಬಳು ಆಫೀಸಿಗೆ ಬಂದು, ಆ ಕಾಗದಕ್ಕೆ ಸಹಿ ಹಾಕಿದವರು ಯಾರು ಎಂದು ಕೇಳಿದಳು. ಸಿರುಗುಪ್ಪದ ಮಾಬುಬಿ, ಆ ಡ್ರೈವರ್ ಖಾಜಾಸಾಬನ ಹೆಂಡತಿ. ಗಂಡ ಜೈಲಿನಲ್ಲಿದ್ದ. ಅವನು ಫೋನ್ ಮಾಡಿದ್ದು ಇವಳಿಗೇ, ಮನೆಯ ಫೋನಿಗೆ.

"ಅವ್ರು ಚಾದಂಗಡಿ ಮುಂದ ಲಾರಿ ನಿಲ್ಲಿಸಿ ಮಾತಾಡಿದ್ರು ಅಕ್ಕಾ. ಗಾಡಿ ಓಡಸ್ತಾ ಅಲ್ಲ."

"ಎಲ್ಲಾರೂ ಹಂಗ ಹೇಳತಾರಮ್ಮ. ಮಷೀನು ಸುಳ್ಳು ಹೇಳಂಗಿಲ್ಲ" ಅಂದೆ. ಎಷ್ಟು ಗಟ್ಟಿಯಾಗಿ ಅಂದೆನೆಂದರೆ ಆಫೀಸಿನವರೆಲ್ಲ ತಿರುಗಿ ನೋಡಿದರು.

ಅವಳು ಅಳಲಿಲ್ಲ. "ಮಷೀನಿಂದು ನನಗ ಗೊತ್ತಿಲ್ರಿ. ಫೋನ್ ಬಂದಾಗ ನಳ ಬಂದಿರಲಿಲ್ಲ. ನಮ್ಮ ಓಣಿಗೆ ನಳ ಬರೋದು ನಾಕು ಗಂಟೆಕ್ಕ. ನಾ ಫೋನ್ ಇಟ್ಟು, ಕೊಡ ತೊಳದು, ಪಾಳಿ ಹಚ್ಚಿ ನಿಂತ ಮ್ಯಾಲ ನಳ ಬಂತು. ನಾಕು ಹೊಡದ ಮ್ಯಾಲ ನಾ ಮನ್ಯಾಗ ಇರಲಿಲ್ರಿ. ಫೋನ್ ಯಾರು ಎತ್ತತಾರ?"

"ನಳ ಅವತ್ತು ತಡಾ ಆಗಿರಬೇಕು, ಹೋಗಮ್ಮ" ಎಂದು ಕಳಿಸಿಬಿಟ್ಟೆ.

ಕಳಿಸಿದೆ, ಆದರೆ ಕೂರಲಾಗಲಿಲ್ಲ. ಸುಳ್ಳು ಹೇಳುವವರು ದೇವರ ಮೇಲೆ ಆಣೆ ಇಡುತ್ತಾರೆ, ಮಕ್ಕಳ ಮೇಲೆ ಆಣೆ ಇಡುತ್ತಾರೆ. ನಳದ ಮೇಲೆ ಯಾರೂ ಸುಳ್ಳು ಕಟ್ಟುವುದಿಲ್ಲ. ಸಿರುಗುಪ್ಪದ ಕಡೆಯ ದಾಖಲೆ ತೆಗೆದು ಅದೇ ಕರೆಯನ್ನು ಹುಡುಕಿದೆ. ಮೂರೂ ನಲವತ್ತಕ್ಕೆ ಶುರು, ಮೂರೂ ನಲವತ್ತಾರಕ್ಕೆ ಮುಗಿದಿದೆ. ಕುರುಗೋಡಿನ ಮೂಲ ಟೇಪು ಹಾಕಿ ನೋಡಿದೆ. ಅಲ್ಲಿಯೂ ಮೂರೂ ನಲವತ್ತು! ಕಣಜದಲ್ಲಿ ಮಾತ್ರ ನಾಲ್ಕೂ ಐದು. ಖಾನೆ ಎಳೆದು ಚೀಟಿಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡು ಕೂತೆ. ಅಪಘಾತಕ್ಕಿಂತ ಒಂದು ವಾರ ಹಿಂದಿನ ಚೀಟಿ ಸಿಕ್ಕಿತು. ಕಿರಿಯ ಮಗಳ ಸೀಮಂತದ ಸುದ್ದಿಯ ಕೆಳಗೆ ಬಸವಲಿಂಗಪ್ಪನವರ ದುಂಡನೆಯ ಅಕ್ಷರ: 'ನೀವು ಹೇಳಿಹೇಳಿ ಬ್ಯಾಸರಾದದ್ದಕ್ಕ ಗಡಿಯಾರ ಸರಿ ಮಾಡೀನಿ. ರೇಡಿಯೋ ಹಚ್ಚಿ ಹೊಂದಿಸೀನಿ. ಇನ್ನ ಇಪ್ಪತ್ತೈದು ಕೂಡಸಬ್ಯಾಡ್ರಿ.'

ಅವರು ಸರಿ ಮಾಡಿದ ಹೊತ್ತನ್ನು ನಾನು ಮತ್ತೆ ಸರಿ ಮಾಡಿದ್ದೆ. ಎರಡು ಸಲ ಸರಿ ಮಾಡಿದ್ದಕ್ಕೆ ಒಬ್ಬ ಮನುಷ್ಯ ಜೈಲಿನಲ್ಲಿದ್ದ.

ಚೀಟಿ ಹಿಡಿದುಕೊಂಡು ರಂಗರಾವ್ ಅವರ ಕೋಣೆಗೆ ಹೋದೆ. ಕೇಳಿ ಅವರ ಮುಖ ಕಪ್ಪಿಟ್ಟಿತು.

"ಊರ್ಕೋ ಅಮ್ಮಾ, ಊರ್ಕೋ. ಬಾಯಿ ಮುಚ್ಚಿ ಕೂಡು. ಇದು ಹೊರಗ ಹೋದ್ರ ಫೋನ್ ಕಂಪನಿಯವರು ನಮ್ಮನ್ನ ಬಿಟ್ಟು ಹೋಗತಾರ. ಬಳ್ಳಾರಿ ಆಫೀಸ್ ಮುಚ್ಚತೈತಿ. ಇಷ್ಟ ಮಂದಿ ಎಲ್ಲಿಗಿ ಹೋಗಬೇಕು? ಮುಂದಿನ ಟೇಪಿಂದ ಸರಿ ಮಾಡು, ಆತು."

"ಮುಂದಿನ ಟೇಪು ಸರಿ ಮಾಡಿದ್ರ ಹಿಂದಿನ ಮನಿಷ್ಯಾ ಜೈಲಿಂದ ಬರತಾನೇನ್ರಿ ಸರ್?"

"ಅವನ ವಕೀಲ ಅದಾನ, ನೋಡಿಕೊಂತಾನ."

"ವಕೀಲನ ಕೈಯಾಗ ನನ್ನ ಸಹಿ ಇರೋ ಕಾಗದ ಐತಿ. ಅದನ್ನ ನಾನ ಹರೀಬೇಕು."

ರಂಗರಾವ್ ಕೆಟ್ಟ ಮನುಷ್ಯರಲ್ಲ ಎಂಬುದನ್ನು ಇಲ್ಲಿಯೇ ಹೇಳುತ್ತೇನೆ. ಹೆದರಿದ್ದರು, ಅಷ್ಟೇ. ನಾನೂ ಹೆದರಿದ್ದೆ. 'ಒಂದೂ ತಪ್ಪಿಲ್ಲದ ವರ್ಷ' ಅನ್ನುವ ಅಕ್ಷರಗಳು ಕಣ್ಣ ಮುಂದೆ ಬರುತ್ತಿದ್ದವು, ಬೀಗರು ಏನಂದಾರು ಎಂಬುದೂ ಬಂತು. ಆದರೂ ಅವರೆದುರೇ ಕೂತು ಪತ್ರ ಬರೆದೆ. ಗಡಿಯಾರ ಸರಿಯಿತ್ತು, ಬಸವಲಿಂಗಪ್ಪನವರು ತಿಳಿಸಿದ್ದರು, ಓದದೆ ಇದ್ದವಳು ನಾನು, ತಪ್ಪು ನನ್ನೊಬ್ಬಳದೇ, ಕರೆ ನಡೆದದ್ದು ಮೂರೂ ನಲವತ್ತಕ್ಕೆ. ರಂಗರಾವ್ ಪತ್ರವನ್ನು ಎರಡು ಸಲ ಓದಿದರು. ಸಹಿ ಹಾಕಲಿಲ್ಲ. ಮೇಜಿನ ಮೇಲಿದ್ದ ಕಂಪನಿಯ ಮುದ್ರೆಯನ್ನು ಮಾತ್ರ ನನ್ನ ಕಡೆಗೆ ಸರಿಸಿ, ಕಿಟಕಿಯ ಹೊರಗೆ ನೋಡುತ್ತಾ ಕೂತರು.

ಕೋರ್ಟಿನಲ್ಲಿಯೂ ನಿಂತು ಹೇಳಿದೆ. "ನೀವು ಇಷ್ಟು ವರ್ಷ ಒಂದೂ ತಪ್ಪು ಮಾಡಿಲ್ಲವಂತಲ್ಲ?" ಎಂದು ಸರ್ಕಾರಿ ವಕೀಲರು ಕೇಳಿದರು. "ಮಾಡಿದ್ದು ಗೊತ್ತಾಗಿರಲಿಲ್ಲ ಸರ್, ಈಗ ಗೊತ್ತಾಗೈತಿ" ಅಂದೆ. ಫೋನಿನ ಆರೋಪ ಬಿದ್ದುಹೋಯಿತು. ರಸ್ತೆಯ ಗುಂಡಿ ತಪ್ಪಿಸಲು ಸೈಕಲ್ ಒಮ್ಮೆಲೇ ಅಡ್ಡ ಬಂತು ಎಂದು ಬಸ್ಸಿನ ಕಂಡಕ್ಟರನೂ ಹೇಳಿದ. ಖಾಜಾಸಾಬ ಹೊರಗೆ ಬಂದ. ಫೋನ್ ಕಂಪನಿ ನಮಗೆ ಬೈದು ಪತ್ರ ಬರೆಯಿತು, ಆದರೆ ಬಿಟ್ಟುಹೋಗಲಿಲ್ಲ. ಅವರ ಕಡೆಯ ಹಿರಿಯ ಅಧಿಕಾರಿಯೊಬ್ಬರು ಬಂದು, ತಾನೇ ತಪ್ಪು ಒಪ್ಪಿಕೊಂಡ ಆಫೀಸನ್ನು ಇದೇ ಮೊದಲು ನೋಡಿದೆ ಎಂದು ಹೇಳಿ, ಚಹಾ ಕುಡಿದು ಹೋದರು.

ಅಂದಿನಿಂದ ನಮ್ಮಲ್ಲಿ ಒಂದು ನಿಯಮವಾಯಿತು. ಯಾವ ಕರೆಯ ಹೊತ್ತನ್ನೂ ಎರಡು ಕಡೆಯ ದಾಖಲೆ ಜೋಡಿಸಿ ನೋಡದೆ ಹೊರಗೆ ಕೊಡಬಾರದು. ಮೂಲ ದಾಖಲೆಯನ್ನು ಯಾರೂ ಅಳಿಸಬಾರದು, ತಿದ್ದಿದರೆ ಪಕ್ಕದಲ್ಲಿ ಬರೆದು, ಯಾರು ಏಕೆ ತಿದ್ದಿದರು ಎಂದು ಹೆಸರು ಹಾಕಬೇಕು. ಈಗ ಟೇಪೂ ಇಲ್ಲ, ಬಸ್ಸೂ ಇಲ್ಲ, ಎಲ್ಲ ಕ್ಷಣದಲ್ಲಿ ತಂತಿಯ ಮೇಲೆ ಬರುತ್ತದೆ, ಗಡಿಯಾರಗಳು ತಾವೇ ಹೊಂದಿಕೊಳ್ಳುತ್ತವೆ. ಆದರೂ ಆ ನಿಯಮ ಇವತ್ತಿಗೂ ಇದೆ. ನಿಮ್ಮ ಪರದೆಯ ಮೇಲೆ 'ಎರಡೂ ಕಡೆ ನೋಡಿದೆಯಾ?' ಎಂದು ಕೇಳುತ್ತದಲ್ಲ, ಒತ್ತಿ ಒತ್ತಿ ಬೇಸರವಾಗಿ ನೀವು ಬೈದುಕೊಳ್ಳುತ್ತೀರಲ್ಲ, ಅದನ್ನು ಹಾಕಿಸಿದವಳು ನಾನು. ನನ್ನ ಸರ್ವಿಸಿನಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಅದರ ಬಗ್ಗೆಯೇ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಖಾಜಾಸಾಬ ನಿಲ್ಲಿಸಲು ಬಿಡಲಿಲ್ಲ.

ಬಿಡುಗಡೆಯಾದ ನಾಲ್ಕನೆಯ ದಿನ ಆಫೀಸಿಗೆ ಬಂದ. ಎತ್ತರದ ಆಳು, ಗಡ್ಡ ಬೆಳೆದಿತ್ತು. ಬೈಯುತ್ತಾನೆಂದು ತಯಾರಾಗಿಯೇ ಕೂತಿದ್ದೆ.

"ನನಗ ಬೈಯಪ್ಪಾ, ಬೈಸಿಕೊಳ್ಳಾಕ ಅದೀನಿ" ಅಂದೆ.

"ಬೈದು ಏನ್ ಮಾಡ್ಲಿ ಅಕ್ಕಾ? ನನ್ನ ಜೋಡಿ ಸಿರುಗುಪ್ಪಕ್ಕ ಬರ್ರಿ. ನಾಗಮ್ಮಗ ಹೇಳ್ರಿ."

ನಾಗಮ್ಮ ತೀರಿಕೊಂಡ ಸೈಕಲ್ ಸವಾರ ಈರಣ್ಣನ ಹೆಂಡತಿ. ಈರಣ್ಣ ಮತ್ತು ಖಾಜಾಸಾಬ ಹಳೆಯ ದೋಸ್ತಿಗಳು ಎಂಬುದು ನನಗೆ ಆಗಲೇ ಗೊತ್ತಾದದ್ದು. ಗಣಿ ಲಾರಿ ಹಿಡಿಯುವ ಮೊದಲು ಖಾಜಾ ಸಿರುಗುಪ್ಪದ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ, ಈರಣ್ಣ ಅದೇ ಗಿರಣಿಯ ಹಮಾಲಿ. ಅವನು ತುಂಬಿದ ಭತ್ತದ ಚೀಲ, ಇವನು ಓಡಿಸಿದ ಲಾರಿ. ಕುರುಗೋಡಿನ ತಂಗಿಯ ಮನೆಯಿಂದ ತಿರುಗಿ ಬರುತ್ತಿದ್ದ ಈರಣ್ಣನ ಮೇಲೆಯೇ ಖಾಜಾನ ಅದಿರಿನ ಲಾರಿ ಹೋಗಿತ್ತು. "ಕೋರ್ಟು ನನ್ನ ಬಿಟ್ಟೈತಿ. ಅಕಿ ಬಿಟ್ಟಿಲ್ಲ. ನಾ ನಕ್ಕೊಂತ ಫೋನಿನಾಗ ಮಾತಾಡತಾ ಅಕಿ ಗಂಡನ್ನ ಕೊಂದೀನಿ ಅಂತ ತಿಳದಾಳ. ನನ್ನ ಮಾತು ನಂಬಂಗಿಲ್ಲ. ನಿಮ್ಮ ಕಾಗದ ನಂಬಿದ್ಲು. ನೀವ ಬಂದು ಹೇಳ್ರಿ" ಅಂದ.

ಮರುದಿನವೇ ಹೋದೆ. ಬಸ್ಸು ಇಳಿದು, ಗಿರಣಿಗಳ ತೌಡಿನ ವಾಸನೆಯ ನಡುವೆ ನಡೆದು, ಕಾಲುವೆಯ ಆಚೆ ಇದ್ದ ಮನೆ ಮುಟ್ಟಿದೆವು. ನಾಗಮ್ಮ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಖಾಜಾನನ್ನು ಕಂಡು ಮುಖ ತಿರುಗಿಸಿದಳು. ಅವನು ಬಾಗಿಲ ಹೊರಗೇ, ಬಿಸಿಲಲ್ಲೇ ನಿಂತ. ನಾನು ಒಳಗೆ ಕೂತು, ಅವಳಿಗೆ ತಿಳಿಯುವ ಹಾಗೆ ಎಲ್ಲವನ್ನೂ ಹೇಳಿದೆ. ಗಡಿಯಾರ, ಬಸ್ಸು, ಚೀಟಿ, ನಳ. ಎಲ್ಲಿಯೂ ಕಂಪನಿ ಅನ್ನಲಿಲ್ಲ, ನಾನು ಅಂತಲೇ ಅಂದೆ.

ನಾಗಮ್ಮ ಅಕ್ಕಿಯಿಂದ ಕೈ ತೆಗೆಯದೆ ಕೇಳಿದಳು, "ಹಂಗಾದ್ರ ಅವಾಗ ಇಂವಾ ಮಾತಾಡತಿರಲಿಲ್ಲೇನ್ರಿ?"

"ಇಲ್ಲವ್ವ. ಮಾತಾಡಿ ಮುಗಿಸಿ ಇಪ್ಪತ್ತು ನಿಮಿಷಾಗಿತ್ತು."

"ಮತ್ತ ಏನ್ ಮಾಡತಿದ್ದ?"

"ಅದು ನನ್ನ ದಾಖಲೆದಾಗ ಇಲ್ಲವ್ವ. ಫೋನಿನಾಗ ಇರಲಿಲ್ಲ ಅಂತ, ಇಷ್ಟ ನಾ ಹೇಳಬಲ್ಲೆ."

ನಾಗಮ್ಮ ಮೊರ ಬದಿಗಿಟ್ಟು, ಬಾಗಿಲ ಕಡೆ ತಿರುಗಿದಳು.

"ಲೇ ಖಾಜಾ, ಒಳಗ ಬಾ. ಬಿಸಲಾಗ ಯಾಕ ನಿಂತಿ?"

ಅವನು ಬಂದು ಹೊಸ್ತಿಲ ಒಳಗೆ ನೆಲದ ಮೇಲೆ ಕೂತ. ಅವಳು ಅವನ ಮುಖವನ್ನೇ ನೋಡುತ್ತ ಕೇಳಿದಳು, "ಕಡೀಕ ಅವನ ಹತ್ತರ ಇದ್ದಾಂವ ನೀನೊಬ್ಬನ. ಇಷ್ಟು ದಿನಾ ನಿನ್ನ ಕೇಳಾಕ ನನಗ ಬಾಯಿ ಬರಲಿಲ್ಲ. ಏನರ ಅಂದನೇನೋ ಅಂವಾ?"

ಖಾಜಾಸಾಬ ಹೇಳಿದ, "ನೀರು ಕೇಳಿದ ಅಕ್ಕಾ. ತೊಡಿ ಮ್ಯಾಲ ತಲಿ ಇಟ್ಟಕೊಂಡು ಕುಡಿಸಿದೆ. ಆಮ್ಯಾಲ ನಿನ್ನ ಹೆಸರು ಹಿಡದ."

"ಹೆಸರು ಹಿಡದು ಏನಂದ?"

ಅವನು ಹೇಳಲು ಶುರುಮಾಡಿದ. ಅದು ನನ್ನ ಕಿವಿಗೆ ಬೀಳಬೇಕಾದ ಮಾತಲ್ಲ. ನಾನು ಎದ್ದು ಹೊರಗೆ ಬಂದೆ.